ಏರೋನಾಟಿಕಲ್ ಓದ್ಬೇಕು ಅನ್ನೋ ಹಾಸನದ ಹುಡುಗ್ರು, ಅಪ್ಲಿಕೇಶನ್ ಹಾಕೋ ಮುಂಚೆ ಒಂದ್ಸಲ ಓದಿ

ನಮ್ಮಕ್ಕನ ಮಗ ಸೆಕೆಂಡ್ ಪಿಯುಸಿ ಮುಗ್ಸಿ "ಮಾವ, ನಾನು ಏರೋನಾಟಿಕಲ್ ಮಾಡ್ತೀನಿ" ಅಂದ, ಅವರೆಕಾಯಿ ಸುಲೀತಿದ್ದ ನಮ್ಮಮ್ಮ ತಲೆ ಎತ್ತಿ "ಅಂದ್ರೆ ವಿಮಾನ ಓಡಿಸ್ತೀಯೇನೋ" ಅಂತ ಕೇಳಿದ್ರು. ನಗ್ಬೇಡಿ, ಪಿಯು ಹುಡುಗ್ರಲ್ಲೂ ಎಷ್ಟೋ ಜನಕ್ಕೆ ಇದೇ ಕನ್ಫ್ಯೂಶನ್ ಇದೆ. ವಿಮಾನ ಡಿಸೈನ್ ಮಾಡೋನು ಬೇರೆ, ರಿಪೇರಿ ಮಾಡಿ ಸೈನ್ ಹಾಕೋನು ಬೇರೆ, ಓಡ್ಸೋನು ಬೇರೆ, ಕೆಳಗಿಂದ ದಾರಿ ಹೇಳೋನು ಬೇರೆ, ನಾಲ್ಕಕ್ಕೂ ಓದೂ ಬೇರೆ ಖರ್ಚೂ ಬೇರೆ. ಮೊದ್ಲು ನಿಮಗೆ ಇದ್ರಲ್ಲಿ ಯಾವ್ದು ಬೇಕು ಅಂತ ಡಿಸೈಡ್ ಮಾಡ್ಕೊಳ್ಳಿ.

ಡಿಸೈನ್ ಅಂದ್ರೆ ಬಿಇ. ಸಿಇಟಿ ಬರೀರಿ, ಪಿಯು ಪಿಸಿಎಂ ಮಾರ್ಕ್ಸ್ ಅರ್ಧ ಸಿಇಟಿ ಮಾರ್ಕ್ಸ್ ಅರ್ಧ ಸೇರ್ಸಿ ರ‍್ಯಾಂಕ್ ಕೊಡ್ತಾರೆ, ಅದಕ್ಕೆ ಬೋರ್ಡ್ ಎಕ್ಸಾಮ್ ಅಂತ ಸಸಾರ ಮಾಡ್ಬೇಡಿ. ಬೆಂಗಳೂರಲ್ಲಿ ದಯಾನಂದ ಸಾಗರ್, ಎಂವಿಜೆ ಕಡೆ ಏರೋನಾಟಿಕಲ್ ಇದೆ, ಆರ್‌ವಿಲಿ ಏರೋಸ್ಪೇಸ್. ಜೆಇಇ ಅಡ್ವಾನ್ಸ್ಡಲ್ಲಿ ಒಳ್ಳೆ ರ‍್ಯಾಂಕ್ ಬಂದ್ರೆ ತಿರುವನಂತಪುರದ ಐಐಎಸ್‌ಟಿ ನೋಡಿ, ಅದು ಇಸ್ರೋ ಜೊತೆಗಿರೋ ಕಾಲೇಜು. ನಮ್ಮ ಸಾಲಗಾಮೆ ರೋಡಲ್ಲಿ ಹೋಗ್ತಾ ಇಸ್ರೋದವ್ರ ಎಂಸಿಎಫ್ (ಉಪಗ್ರಹ ಕಂಟ್ರೋಲ್ ಮಾಡೋ ಕೇಂದ್ರ) ಡಿಶ್‌ಗಳನ್ನ ನೋಡ್ಕೊಂಡೇ ಬೆಳೆದವ್ರಿಗೆ ಇದನ್ನ ಬಿಡ್ಸಿ ಹೇಳ್ಬೇಕಿಲ್ಲ.

ಆದ್ರೆ ನನ್ನ ಕೇಳಿದ್ರೆ ಸಣ್ಣಪುಟ್ಟ ಕಾಲೇಜಲ್ಲಿ ಏರೋ ತಗೊಳ್ಳೋಕಿಂತ ಹಾಸನದ ಮಲ್ನಾಡ್ ಕಾಲೇಜಲ್ಲೋ ಚಿಕ್ಕಮಗಳೂರು ಎಐಟಿಲೋ ಮೆಕ್ಯಾನಿಕಲ್ ಮಾಡೋದು ವಾಸಿ, ಮನೆ ಊಟ ಮಾಡ್ಕೊಂಡು ಓದ್ಬಹುದು, ಆಮೇಲೆ ಗೇಟ್ (ಎಂಟೆಕ್ ಎಂಟ್ರೆನ್ಸ್ ಎಕ್ಸಾಮ್) ನಲ್ಲಿ ಏರೋಸ್ಪೇಸ್ ಪೇಪರ್ ಬರೆದು ಎಂಟೆಕ್‌ಗೆ ಹೋಗೋ ದಾರಿ ಹೆಂಗೂ ಇದೆ. ಬೆಂಗಳೂರಿನ ಐಐಎಸ್ಸಿಲಿ ಏರೋಸ್ಪೇಸ್ ಡಿಪಾರ್ಟ್‌ಮೆಂಟ್ 1942ರಿಂದ ಇದೆ. ವಿಮಾನ ಮಾಡೋ ಎಚ್‌ಎಎಲ್, ವಿಮಾನದ ರಿಸರ್ಚ್ ಮಾಡೋ ಎನ್‌ಎಎಲ್, ಏರ್‌ಬಸ್, ಬೋಯಿಂಗ್ ಎಲ್ಲಾ ಬೆಂಗಳೂರಲ್ಲೇ ಇದಾವೆ, ಅಲ್ಲಿ ಮೆಕ್ಯಾನಿಕಲ್ ಓದಿದವ್ರೂ ಇದಾರೆ ಇಸಿ ಓದಿದವ್ರೂ ಇದಾರೆ.

ರಿಪೇರಿ ಕಡೆ ಎಎಂಇ, ಅಂದ್ರೆ ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಇಂಜಿನಿಯರಿಂಗ್ ಅಂತಾರೆ. ಇಲ್ಲೇ ನಾನು ಮೋಸ ಹೋಗಿದ್ದು. "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಅಂದಿದ್ದಕ್ಕೆ ಅಪ್ಪ ಆಲೂಗಡ್ಡೆ ಮಾರಿದ್ ದುಡ್ಡಲ್ಲಿ ಒಂದ್ಕಡೆ ರಿಜಿಸ್ಟ್ರೇಶನ್ ಫೀ ಕಟ್ಟಿದ್ರು, ಆಮೇಲೆ ಗೊತ್ತಾಯ್ತು ಅವ್ರಿಗೆ ಡಿಜಿಸಿಎ (ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಅಪ್ರೂವಲ್ಲೇ ಇಲ್ಲ, ದುಡ್ಡು ವಾಪಸ್ ಬರ್ಲಿಲ್ಲ. ಅದಕ್ಕೆ ಡಿಜಿಸಿಎ ವೆಬ್‌ಸೈಟಲ್ಲಿ ಸಿಎಆರ್-147 ಲಿಸ್ಟ್, ಅಂದ್ರೆ ಅಪ್ರೂವ್ ಆಗಿರೋ ಎಎಂಇ ಇನ್‌ಸ್ಟಿಟ್ಯೂಟ್‌ಗಳ ಪಟ್ಟಿ ಇರುತ್ತೆ, ಇನ್‌ಸ್ಟಿಟ್ಯೂಟ್ ಹೆಸ್ರು ಅದ್ರಲ್ಲಿ ಇದ್ಯಾ, ಬಿ1.1ಗೋ ಬಿ2ಗೋ ಯಾವ್ದಕ್ಕೆ ಅಪ್ರೂವ್ ಆಗಿದೆ ಅಂತ ನೀವೇ ನೋಡಿ. ಬಿ1.1 ಅಂದ್ರೆ ಟರ್ಬೈನ್ ಇಂಜಿನ್ ವಿಮಾನದ ಮೆಕ್ಯಾನಿಕಲ್ ಕಡೆ, ಬಿ2 ಅಂದ್ರೆ ಏವಿಯಾನಿಕ್ಸು, ವಿಮಾನದ ಎಲೆಕ್ಟ್ರಾನಿಕ್ಸ್ ಕಡೆ. ಲೈಸೆನ್ಸ್ ಕೊಡೋದು ಡಿಜಿಸಿಎ, ಕಾಲೇಜಲ್ಲ, ಅದೂ ಪೇಪರ್ ಪಾಸಾದ್ರೆ ಸಾಲಲ್ಲ, ವಿಮಾನದ ಮೇಲೆ ಕೈಯಾರೆ ಕೆಲ್ಸ ಮಾಡಿದ್ದನ್ನ ಲಾಗ್‌ಬುಕ್ಕಲ್ಲಿ ಬರೆದು ಸೈನ್ ಹಾಕ್ಸಿಟ್ಕೋಬೇಕು.

ಯಾರೂ ಹೇಳದೇ ಇರೋ ದಾರಿ ಅಂದ್ರೆ ಎಟಿಸಿ (ಏರ್ ಟ್ರಾಫಿಕ್ ಕಂಟ್ರೋಲ್), ಕೆಳಗಿಂದ ಪೈಲಟ್‌ಗೆ ದಾರಿ ಹೇಳೋ ಕೆಲ್ಸ. ಹಾಸನದ ಗವರ್ನಮೆಂಟ್ ಸೈನ್ಸ್ ಕಾಲೇಜಲ್ಲಿ ಫಿಸಿಕ್ಸು ಮ್ಯಾತ್ಸು ಇಟ್ಕೊಂಡು ಬಿಎಸ್ಸಿ ಮಾಡಿ, ಏರ್‌ಪೋರ್ಟ್ ಅಥಾರಿಟಿ ಜೂನಿಯರ್ ಎಕ್ಸಿಕ್ಯೂಟಿವ್ ಕರೆದಾಗ ಎಕ್ಸಾಮ್ ಬರೀರಿ. ಜನರಲ್ ಕೆಟಗರಿಗೆ ವಯಸ್ಸು 27 ದಾಟಿರ್ಬಾರ್ದು. ವಾಯ್ಸ್ ಟೆಸ್ಟ್ ಇರುತ್ತೆ, ಇಂಗ್ಲಿಷಲ್ಲಿ ತಡವರಿಸ್ದೆ ಮಾತಾಡೋದನ್ನ ಈಗ್ಲಿಂದ್ಲೇ ರೂಢಿ ಮಾಡ್ಕೊಳ್ಳಿ.

ಏವಿಯೇಶನ್ ಬಿಬಿಎ, ಗ್ರೌಂಡ್ ಸ್ಟಾಫ್ ಕೋರ್ಸು ಬಗ್ಗೆ ನಂಗೆ ಅಷ್ಟು ಒಲವಿಲ್ಲ, ಮಾಮೂಲಿ ಡಿಗ್ರಿ ಇದ್ರೂ ಆ ಕೆಲ್ಸ ಸಿಗುತ್ತೆ. ಈ ಫೀಲ್ಡಿಗೆ ಬರೋಕೆ ಇಂಥ ಕೋರ್ಸೇ ಬೇಕು ಅಂತಿಲ್ಲ, 2003ರಲ್ಲಿ ಏರ್ ಡೆಕ್ಕನ್ ವಿಮಾನ ಕಂಪನಿ ಶುರು ಮಾಡಿದ ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅದಕ್ಕೂ ಮುಂಚೆ ಮಿಲಿಟರಿಲಿದ್ರು, ಆಮೇಲೆ ರೇಷ್ಮೆ ಬೆಳೀತಿದ್ರು. ಇನ್ನು ಹಾಸನಕ್ಕೆ ಬರುತ್ತೆ ಅನ್ನೋ ಬೂವನಹಳ್ಳಿ ಏರ್‌ಪೋರ್ಟ್ ನಂಬ್ಕೊಂಡಂತೂ ಯಾವ ಕೋರ್ಸಿಗೂ ಸೇರ್ಬೇಡಿ, ಆ ಮಾತು ಎಷ್ಟು ವರ್ಷದಿಂದ ಕೇಳ್ತಿದೀವಿ ಅಂತ ನಿಮ್ಮಪ್ಪಂಗೇ ಕೇಳಿ.

ಪೈಲಟ್ಟೇ ಆಗ್ಬೇಕು ಅಂದ್ರೆ ಪಿಯುಸಿಲಿ ಫಿಸಿಕ್ಸು ಮ್ಯಾತ್ಸು ಇದ್ರೆ ಸಾಕು, ಡಿಗ್ರಿ ಬೇಕಿಲ್ಲ. ಸಿಪಿಎಲ್‌ಗೆ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) 18 ವರ್ಷ ತುಂಬಿರ್ಬೇಕು, 200 ಗಂಟೆ ಹಾರಾಟ ಆಗಿರ್ಬೇಕು. ಖರ್ಚು ಅರ್ಧ ಕೋಟಿ ಲೆಕ್ಕದಲ್ಲಿ ಇಟ್ಕೊಳ್ಳಿ. ಹಂಗಂತ ತೋಟ ಅಡ ಇಡೋಕೆ ಮುಂಚೆ ಡಿಜಿಸಿಎ ಒಪ್ಪಿರೋ ಡಾಕ್ಟರ್ ಹತ್ರ ಪೈಲಟ್ ಆಗೋಕೆ ಬೇಕಾದ ಕ್ಲಾಸ್ 2 ಮೆಡಿಕಲ್ ಟೆಸ್ಟ್, ಅದಾದ್ಮೇಲೆ ಕ್ಲಾಸ್ 1 ಮಾಡ್ಸಿ. ಕನ್ನಡಕ ಇದ್ರೆ ಹೆದ್ರಬೇಡಿ, ಬಣ್ಣ ಗುರುತಿಸೋದ್ರಲ್ಲಿ ತೊಂದ್ರೆ ಇದ್ಯಾ ಅಂತ ಮಾತ್ರ ನಿಮ್ಮೂರಿನ ಕಣ್ಣಿನ ಡಾಕ್ಟರ್ ಹತ್ರ ಈ ವಾರಾನೇ ತೋರ್ಸ್ಕೊಂಡ್ ಬನ್ನಿ.