ಯುದ್ಧ ಕಂಡು ಬಂದವರ ಚಿಕಿತ್ಸೆ: ನಾನು ಅನುಸರಿಸುವ ಕ್ರಮ

ಯುದ್ಧ ಕಂಡು ಬಂದವರು ಮೊದಲ ದಿನವೇ ಯುದ್ಧದ ಮಾತೆತ್ತುವುದಿಲ್ಲ. ನಿದ್ದೆಯಿಲ್ಲ, ಸಿಟ್ಟು ಜಾಸ್ತಿ ಎನ್ನುತ್ತಾರೆ, ಅದನ್ನೂ ಎಷ್ಟೋ ಸಲ ಮನೆಯವರೇ ಹೇಳಬೇಕು. ನಾನೂ ಘಟನೆಯನ್ನು ಕೆದಕುವುದಿಲ್ಲ. ನಿದ್ದೆ, ಕುಡಿತ, ಸಾಯುವ ಯೋಚನೆ, ಇವುಗಳಿಂದ ಶುರುಮಾಡುತ್ತೇನೆ. ಮನೆಯಲ್ಲಿ ಬಂದೂಕಿದೆಯೇ ಎಂದು ನೇರವಾಗಿಯೇ ಕೇಳುತ್ತೇನೆ. ಇದ್ದರೆ ಬಂದೂಕು, ಗುಂಡು ಬೇರೆ ಬೇರೆ ಕಡೆ ಬೀಗದೊಳಗೆ ಇರಬೇಕು, ಕೀಲಿ ಇನ್ನೊಬ್ಬರ ಬಳಿ. ಸ್ಫೋಟದ ಹತ್ತಿರ ಇದ್ದವರಲ್ಲಿ ತಲೆಪೆಟ್ಟಿನ ತಪಾಸಣೆಯೂ ಆಗಲೇಬೇಕು, ಮರೆವು ಸಿಡುಕು ಅದರಿಂದಲೂ ಬರುತ್ತವೆ.

ಆಘಾತದ ಲಕ್ಷಣಗಳನ್ನು ಅಳೆಯುವ ಪಿಸಿಎಲ್-5 ಪ್ರಶ್ನಾವಳಿಯಲ್ಲಿ 20 ಪ್ರಶ್ನೆಗಳಿವೆ, ಒಟ್ಟು ಅಂಕ 80. ಅಂಕ 31ರಿಂದ 33ರ ಆಸುಪಾಸು ಮುಟ್ಟಿದರೆ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆಯಾದ ಪಿಟಿಎಸ್‌ಡಿ ಇದೆಯೇ ಎಂದು ವಿವರವಾಗಿ ಸಂದರ್ಶಿಸುತ್ತೇನೆ. ಅಂಕವೊಂದೇ ರೋಗನಿರ್ಣಯವಲ್ಲ.

ಮುಖ್ಯ ಕೆಲಸ ನೆನಪನ್ನು ಎದುರಿಸುವುದು. 90 ನಿಮಿಷದ ಸೆಷನ್, ಸಾಮಾನ್ಯವಾಗಿ 8ರಿಂದ 15. ಕಣ್ಣು ಮುಚ್ಚಿ, ಈಗಲೇ ನಡೆಯುತ್ತಿರುವಂತೆ ಹೇಳಬೇಕು: "ಓಡ್ತಿದ್ದೀನಿ, ಹೊಗೆ ಕಾಣ್ತಿದೆ." 30–45 ನಿಮಿಷ ಇದೇ ಘಟನೆ, ಮತ್ತೆ ಮತ್ತೆ. ಉಳಿದ ಹೊತ್ತು ಅದರ ಬಗ್ಗೆ ಮಾತು. ರೆಕಾರ್ಡ್ ಮಾಡಿದ್ದನ್ನು ಅವರು ಮನೆಯಲ್ಲಿ ದಿನಾ ಕೇಳಬೇಕು.

ಸೈನಿಕರಿಗೆ ವರದಿ ಒಪ್ಪಿಸುವ ಅಭ್ಯಾಸವಿರುತ್ತದೆ. ಸಮಯ, ದಿಕ್ಕು, ದೂರ ಎಲ್ಲ ಬರುತ್ತದೆ, ಭಯ ಬರುವುದಿಲ್ಲ. ಆಗ "ಕೈ ಏನು ಮಾಡ್ತಿದೆ? ಏನು ವಾಸನೆ ಬರ್ತಿದೆ?" ಎಂದಷ್ಟೇ ಕೇಳುತ್ತೇನೆ. ಇನ್ನೊಂದು ತಪ್ಪು ನಮ್ಮದೇ: ಅವರ ನಡುಕ ಕಂಡು ನಾವೇ ಹೆದರಿ ನಡುವೆ ನಿಲ್ಲಿಸಿಬಿಡುತ್ತೇವೆ. ಆ ನೆನಪನ್ನು ತಾಳಲು ತನ್ನಿಂದಾಗದು ಎಂಬ ಅವರ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ.

ಹೊರಗಿನ ಅಭ್ಯಾಸಕ್ಕೆ, ಅವರು ಹೆದರಿ ದೂರವಿಟ್ಟ ಜಾಗಗಳನ್ನು ಭಯದ ಅಳತೆಯಂತೆ 0ರಿಂದ 100ರವರೆಗೆ ಪಟ್ಟಿ ಮಾಡಿಸಿ, 40–50ರದ್ದರಿಂದ ಆರಂಭಿಸುತ್ತೇನೆ. ಜನಜಂಗುಳಿಗೆ ಹೋಗಿಬಂದೆ ಎಂದರೆ ಸಾಲದು. ಗೋಡೆಗೆ ಬೆನ್ನು ಕೊಟ್ಟು ಬಾಗಿಲನ್ನೇ ನೋಡುತ್ತ ಕುಳಿತಿದ್ದರೆ, ಕಾವಲಿದ್ದೆ ಹಾಗಾಗಿ ಬದುಕಿದೆ ಎಂದೇ ಮನಸ್ಸು ಲೆಕ್ಕ ಹಾಕುತ್ತದೆ. ಆಲ್‌ಪ್ರಜೋಲಾಂ, ಕ್ಲೋನಜೆಪಾಂನಂಥ ಆತಂಕ ತಗ್ಗಿಸುವ ಗುಳಿಗೆ ನುಂಗಿ ಹೋದರೂ ಹಾಗೆಯೇ, ಧೈರ್ಯದ ಶ್ರೇಯ ಗುಳಿಗೆಗೆ. ಅವು ಚಟವನ್ನೂ ಹಿಡಿಸುತ್ತವೆ. ಔಷಧಿ ಬೇಕಾದರೆ ಸರ್ಟ್ರಲೀನ್, ಪರಾಕ್ಸೆಟೀನ್ ಅಥವಾ ವೆನ್ಲಾಫಾಕ್ಸಿನ್, ಮನೋವೈದ್ಯರ ಸಲಹೆಯಂತೆ.

ಭಯಕ್ಕಿಂತ ಪಾಪಪ್ರಜ್ಞೆ ಕಷ್ಟ. "ನಾನು ಮುಂದೆ ಹೋಗಿದ್ದರೆ ಅವನು ಉಳೀತಿದ್ದ" ಎನ್ನುವವರಿಗೆ "ನಿಮ್ಮ ತಪ್ಪಿಲ್ಲ" ಎಂದುಬಿಟ್ಟರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆ ಕ್ಷಣ ನಿಮಗೆ ಗೊತ್ತಿದ್ದದ್ದೇನು, ಯೋಚಿಸಲು ಎಷ್ಟು ಸೆಕೆಂಡು ಇತ್ತು ಎಂದು ಕೇಳಿ, ಉತ್ತರಕ್ಕೆ ಕಾಯುತ್ತೇನೆ. ನಿಜಕ್ಕೂ ತಪ್ಪಾಗಿದ್ದರೆ ಅದನ್ನು ಅಳಿಸಲು ಹೋಗುವುದಿಲ್ಲ, ಈಗ ಏನು ಸರಿಪಡಿಸಬಹುದು ಎಂಬುದೇ ಮುಂದಿನ ಮಾತು.

ಆರಂಭದ ವಾರಗಳಲ್ಲಿ ಕೆಲವರಿಗೆ ಕೆಟ್ಟ ಕನಸು ಹೆಚ್ಚುತ್ತದೆ, ಬಿಟ್ಟುಹೋಗುವುದೂ ಆಗಲೇ. ಇದನ್ನು ಮೊದಲೇ ಹೇಳಿಟ್ಟಿರುತ್ತೇನೆ, ಬಾರದಿದ್ದರೆ ಅದೇ ದಿನ ಫೋನ್ ಮಾಡುತ್ತೇನೆ. ಮನೆಯವರಿಗೂ ಒಂದು ಮಾತು: ಕನಸಿನಲ್ಲಿ ಒದ್ದಾಡುವಾಗ ಮೈಮುಟ್ಟಿ ಎಬ್ಬಿಸಬೇಡಿ, ಕಾಲ ಬಳಿ ದೂರ ನಿಂತು ಹೆಸರು ಕರೆಯಿರಿ.