ಡಬ್ಬಿಯೊಳಗಿನ ರಾಣಿ ರೂಪಾಯಿ: ಲೇಬಲ್ ನಂಬುವ ಮುಂಚೆ ಏನು ನೋಡಬೇಕು?

ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಮುಂದೆ ಇಡುವ ರಾಣಿ ರೂಪಾಯಿ, ಅಂದರೆ ವಿಕ್ಟೋರಿಯಾ ರಾಣಿಯ ಮುಖವಿರುವ ಬೆಳ್ಳಿ ನಾಣ್ಯ, ಮೈಸೂರಿನ ಎಷ್ಟೋ ಮನೆಗಳಲ್ಲಿದೆ. ನಮ್ಮಜ್ಜಿ ಅದನ್ನು ಕಲ್ಲಿನ ಮೇಲೆ ಟಣ್ ಅನ್ನಿಸಿ, ಕಿವಿಗೊಟ್ಟು ಕೇಳಿ, 'ಬೆಳ್ಳೀನೇ' ಎನ್ನುತ್ತಿದ್ದರು.

ಕಳೆದ ವರ್ಷ ಅಂಥದ್ದೇ 1862ರ ರೂಪಾಯಿಯೊಂದನ್ನು ನಗರದ ನಾಣ್ಯ ಮೇಳದಲ್ಲಿ ಕೊಂಡೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ನೀಲಿ ಲೇಬಲ್, ಬಾರ್‌ಕೋಡ್, 'ಎಂಎಸ್ 65' ಎಂಬ ಗ್ರೇಡ್ (ಎಂಎಸ್ ಅಂದರೆ ಮಿಂಟ್ ಸ್ಟೇಟ್, ಟಂಕಸಾಲೆಯಿಂದ ಬಂದ ಹಾಗೇ ಸವೆಯದೆ ಇರುವುದು). ಮನೆಗೆ ಬಂದು ಕನ್ನಡಕ ಹಾಕಿಕೊಂಡು ನೋಡಿದೆ. ಅದು ನಾಣ್ಯಗಳಿಗೆ ಗ್ರೇಡ್ ಕೊಡುವ ಅಮೆರಿಕದ ಹೆಸರಾಂತ ಕಂಪನಿ ಪಿಸಿಜಿಎಸ್ ಅಲ್ಲ. ನಾಲ್ಕು ಅಕ್ಷರಗಳಲ್ಲಿ ಒಂದು ಬೇರೆ!

ಈ ನಂಬರಿನ ಕಥೆ ಸ್ವಲ್ಪ ತಿಳಿದಿರಲಿ. ಅಮೆರಿಕದ ಹಳೆಯ ತಾಮ್ರದ ಸೆಂಟ್‌ಗಳಿಗೆಂದು ವಿಲಿಯಂ ಶೆಲ್ಡನ್ 1949ರಲ್ಲಿ 1ರಿಂದ 70ರವರೆಗಿನ ಅಳತೆಗೋಲೊಂದನ್ನು ಮಾಡಿದರು. 60 ಮತ್ತು ಮೇಲಿನದೆಂದರೆ ಚಲಾವಣೆಯಲ್ಲಿ ಸವೆಯದ ನಾಣ್ಯ. 1980ರ ದಶಕದಲ್ಲಿ ಪಿಸಿಜಿಎಸ್, ಎನ್‌ಜಿಸಿ ಕಂಪನಿಗಳು ಬಂದು, ನಾಣ್ಯ ಪರೀಕ್ಷಿಸಿ ಡಬ್ಬಿಯಲ್ಲಿ ಸೀಲ್ ಮಾಡತೊಡಗಿದವು. ಆದರೆ ಆ ಅಳತೆಗೆ ಯಾವ ಒಡೆಯರೂ ಇಲ್ಲ. ಖಾಲಿ ಡಬ್ಬಿ ತಂದು, ಲೇಬಲ್ ಪ್ರಿಂಟ್ ಹಾಕಿ, 65 ಅಂತ ಯಾರು ಬೇಕಾದರೂ ಬರೆದುಕೊಳ್ಳಬಹುದು. ಡಬ್ಬಿಗೆ ಹೋದ ಮೇಲೆ ತೂಕ ಹಾಕುವಂತಿಲ್ಲ, ಸದ್ದು ಕೇಳುವಂತಿಲ್ಲ. ಅಜ್ಜಿಯ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಹಾಗಾಗಿ ಮೊದಲು ಕಂಪನಿಯ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಬಣ್ಣ, ಬಾರ್‌ಕೋಡ್, ಹೊಲೊಗ್ರಾಂ ಆಮೇಲೆ.

ಎರಡನೆಯದು ಸರ್ಟಿಫಿಕೇಟ್ ನಂಬರ್. ಡಬ್ಬಿ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಡಿ. ಮಾರುವವನೇ ಮಾಡಿಟ್ಟ ಪುಟ ತೆರೆದುಕೊಂಡರೆ ಅಲ್ಲಿ ಎಲ್ಲವೂ 'ಅಸಲಿ'ಯೇ. ಕಂಪನಿಯ ವೆಬ್‌ಸೈಟ್ ವಿಳಾಸ ನೀವೇ ಟೈಪ್ ಮಾಡಿ, ನಂಬರ್ ಹಾಕಿ.

ನಂಬರ್ ಸಿಕ್ಕಿತು ಅಂತ ಸುಮ್ನಾಗಬೇಡಿ. ಅಸಲಿ ಡಬ್ಬಿಯ ನಂಬರನ್ನೇ ನಕಲಿ ಡಬ್ಬಿಗೆ ಹಾಕುವವರೂ ಇದ್ದಾರೆ. ವೆಬ್‌ಸೈಟಿನಲ್ಲಿ ಫೋಟೊ ಇದ್ದರೆ ಕೈಯಲ್ಲಿರುವ ನಾಣ್ಯದ ಪಕ್ಕ ಹಿಡಿಯಿರಿ. ಒಂದು ಗೀರು, ಒಂದು ಕಪ್ಪು ಚುಕ್ಕೆ ಹುಡುಕಿ. ಅಲ್ಲಿರುವುದು ಇಲ್ಲೂ ಅದೇ ಜಾಗದಲ್ಲಿ ಇರಬೇಕು, ಅಲ್ವಾ?

ಆಮೇಲೆ ಲೇಬಲ್ಲನ್ನು ಹೆಬ್ಬೆರಳಿನಿಂದ ಮುಚ್ಚಿ. ಈಗ ನಾಣ್ಯ ಮಾತ್ರ ನೋಡಿ. ರಾಣಿಯ ಕೆನ್ನೆ, ಕಿವಿಯ ಮೇಲಿನ ಕೂದಲು, ಕಿರೀಟ, ಮೊದಲು ಸವೆಯುವುದು ಈ ಉಬ್ಬುಗಳೇ. ನನ್ನ ರೂಪಾಯಿಯಲ್ಲಿ ಕೂದಲಿನ ಎಳೆಗಳು ಒಂದಕ್ಕೊಂದು ಅಂಟಿ ನುಣ್ಣಗಾಗಿದ್ದವು. 65 ಹಾಗಿರಲಿ, 60 ಕೂಡ ಅಲ್ಲ. ದೀಪದ ಕೆಳಗೆ ಮೆಲ್ಲಗೆ ಓರೆ ಮಾಡಿದೆ. ಒಂದೇ ದಿಕ್ಕಿನ ಸಣ್ಣ ಗೆರೆಗಳು ಮಿನುಗಿದವು. ಯಾರೋ ಹಬ್ಬಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿರಬೇಕು, ಪಾಪ. ಹೀಗೆ ಉಜ್ಜಿದ ನಾಣ್ಯಕ್ಕೆ ಒಳ್ಳೆಯ ಕಂಪನಿಗಳು ಸಾಮಾನ್ಯವಾಗಿ ನಂಬರ್ ಕೊಡದೆ 'ಡೀಟೇಲ್ಸ್' ಎಂದು ಬರೆದು, ಉಜ್ಜಿದ್ದನ್ನೂ ಹೇಳುತ್ತವೆ. ಇನ್ನು, 1862 ಎಂಬ ಇಸವಿಗೆ ಮರುಳಾಗಬೇಡಿ. ಅದೇ ಇಸವಿ ಇಟ್ಟುಕೊಂಡು 1874ರವರೆಗೂ ಟಂಕಿಸಿದ್ದರು.

ಡಬ್ಬಿಯ ಅಂಚಿನಲ್ಲಿ ಗೋಂದಿನ ಮಬ್ಬು, ಬಿರುಕು ಇದ್ದರೆ ವಾಪಸ್ ಇಟ್ಟುಬಿಡಿ.

ಕೊಳ್ಳುವಾಗ ಬಿಲ್ಲಿನಲ್ಲಿ ಕಂಪನಿಯ ಪೂರ್ತಿ ಹೆಸರು, ಗ್ರೇಡ್, ನಂಬರ್ ಬರೆಸಿ. ಎಷ್ಟು ದಿನದೊಳಗೆ ವಾಪಸ್ ತಗೋತಾರೆ ಅನ್ನುವುದನ್ನೂ ಬರೆಸಿ. ನಾನು ಬರೆಸಿರಲಿಲ್ಲ. ಮಾರನೆಯ ದಿನ ಹೋದರೆ, "ಸಾರ್, ಇದೂ ಗ್ರೇಡಿಂಗೇ ತಾನೆ? ಪಿಸಿಜಿಎಸ್ ಅಂತ ನಾನೆಲ್ಲಿ ಹೇಳ್ದೆ?" ಅಂದ. ನಿಜ, ಅವನು ಹೇಳಿರಲಿಲ್ಲ. ಬಣ್ಣ ಹೇಳಿತ್ತು. 'ಅಮೆರಿಕಕ್ಕೆ ಕಳಿಸಿ ಗ್ರೇಡ್ ಮಾಡಿಸಿಕೊಳ್ಳಿ' ಎಂಬ ಸಲಹೆ ಬೇರೆ ಕೊಟ್ಟ. ನೂರು ವರ್ಷ ದಾಟಿದ ನಾಣ್ಯವನ್ನು ನಾವಾಗಿ ದೇಶದಿಂದ ಹೊರಗೆ ಕಳಿಸುವಂತಿಲ್ಲ. 1972ರ ಪುರಾವಸ್ತು ಕಾಯ್ದೆ ಅದಕ್ಕೆ ಬಿಡುವುದಿಲ್ಲ.

ಕೊನೆಗೆ ಡಬ್ಬಿಯನ್ನು ಕಟಿಂಗ್ ಪ್ಲೇಯರ್‌ನಲ್ಲಿ ಒಡೆದೆ. ಅಸಲಿ ಕಂಪನಿಯ ಡಬ್ಬಿಗೆ ಈ ಕೆಲಸ ಮಾಡಬೇಡಿ, ಒಡೆದರೆ ಅದರ ಗ್ಯಾರಂಟಿ ಹೋಯಿತು. ಅಶೋಕ ರಸ್ತೆಯ ಚಿನ್ನಬೆಳ್ಳಿ ಅಂಗಡಿಯೊಂದರಲ್ಲಿ ತೂಗಿಸಿದೆ. ಹೊಸದಿದ್ದಾಗ 11.66 ಗ್ರಾಂ ಇರಬೇಕಾದ್ದು 11.5 ಇತ್ತು. ಮನೆಗೆ ತಂದು ಒರಳುಕಲ್ಲಿನ ಅಂಚಿಗೆ ಬಿಟ್ಟೆ. ಟಣ್ ಎಂದಿತು. ಬೆಳ್ಳೀನೇ. ನಾನು ಜಾಸ್ತಿ ಕೊಟ್ಟಿದ್ದು ಪ್ಲಾಸ್ಟಿಕ್ಕಿಗೆ.