ಎಂಜಿನ್ ಬದಲಿಸಿದ ಮೇಲೆ ಸೆನ್ಸರ್ ಕಾಟ: ವೈರಿಂಗ್ ದೋಷ ಹಿಡಿದ ನನ್ನ ಅನುಭವ

ಎಂಜಿನ್ ಕೂರಿಸುವುದು ಈ ಕೆಲಸದಲ್ಲಿ ಸುಲಭದ ಭಾಗ. ಮೌಂಟ್, ಗೇರ್‌ಬಾಕ್ಸ್, ಸೈಲೆನ್ಸರ್ ಎಲ್ಲ ಕಣ್ಣಿಗೆ ಕಾಣುತ್ತವೆ. ವೈರಿಂಗ್ ಕಾಣುವುದಿಲ್ಲ, ಟೇಪಿನೊಳಗೆ ಕೂತು ಆಟ ಆಡಿಸುತ್ತದೆ.

ನನ್ನ ಗಾಡಿಗೆ ಹಾಕಿದ್ದು ಅದೇ ಕಂಪನಿಯ ದೊಡ್ಡ ಪೆಟ್ರೋಲ್ ಎಂಜಿನ್. ಅದರದೇ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಅದರದೇ ಎಂಜಿನ್ ಹಾರ್ನೆಸ್ (ವೈರ್‌ಗಳ ಕಟ್ಟು). ಬಾಡಿ ವೈರಿಂಗ್ ಮಾತ್ರ ಹಳೆಯದು. ಕಳ್ಳತನ ತಡೆಯುವ ಇಮೊಬಿಲೈಸರನ್ನು ಹೇಗೆ ದಾಟಿದೆ ಅನ್ನುವುದು ನನ್ನಲ್ಲೇ ಇರಲಿ. ಸೆಲ್ಫ್ ಹೊಡೆದ ಕೂಡಲೇ ಸ್ಟಾರ್ಟ್ ಆಯಿತು. ಆದರೆ ಐಡಲಿಂಗ್ ಮೇಲೆ ಕೆಳಗೆ ಕುಣಿಯುತ್ತಿತ್ತು. 3000 ಆರ್‌ಪಿಎಂ ದಾಟಿದರೆ ಮಿಸ್ ಹೊಡೆಯುತ್ತಿತ್ತು. ರಿವರ್ಸ್ ಹಾಕಿ ಕ್ಲಚ್ ಬಿಟ್ಟರೆ ಒಮ್ಮೊಮ್ಮೆ ಗಪ್ ಅಂತ ನಿಂತೇ ಬಿಡುತ್ತಿತ್ತು. ದೋಷ ಓದುವ ಸ್ಕ್ಯಾನರ್ ಹಾಕಿದರೆ ಬಂದ ಕೋಡ್‌ಗಳು ಪಿ0107, ಪಿ0122, ಪಿ0335, ಪಿ0641, ಜೊತೆಗೆ ಪಿ0532. ಅಳಿಸಿದರೆ ಹೋಗುತ್ತಿದ್ದವು, ನಾಲ್ಕು ಸುತ್ತು ಓಡಿಸಿದರೆ ಮತ್ತೆ ಹಾಜರ್.

ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು: 'ಇಸಿಯು ಹೋಗಿದೆ, ಬದಲಿಸಿ.' ಒಂದು ಗ್ಯಾರೇಜಿನಲ್ಲಿ ಕೋಡ್ ನೋಡಿ ನೋಡಿ ಮ್ಯಾಪ್ ಸೆನ್ಸರ್ (ಎಂಜಿನ್ ಎಳೆಯುವ ಗಾಳಿಯ ಒತ್ತಡ ಅಳೆಯುವುದು), ಥ್ರಾಟಲ್ ಸೆನ್ಸರ್, ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಓದುವುದು) ಮೂರೂ ಹೊಸದು ಹಾಕಿದರು. ಎಂಜಿನ್‌ಗೆ ಕೊಟ್ಟ ಹಣದ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಅಲ್ಲೇ ಖರ್ಚಾಯಿತು. ಫಲ ಸೊನ್ನೆ. ಸ್ನೇಹಿತರೊಬ್ಬರ ಇಸಿಯು ಸಾಲ ತಂದು ಹಾಕಿದರೂ ಅದೇ ಕಥೆ. ಆಗ ನನಗೆ ಧೈರ್ಯ ಬಂತು. ಬೇರೆ ಇಸಿಯುವಿಗೂ ಅದೇ ರೋಗ ಅಂದರೆ ರೋಗ ವೈರಿನಲ್ಲೇ ಇದೆ ಅಲ್ವಾ? ಇನ್ನು ಒಂದು ಸೆನ್ಸರ್ ಕೂಡ ಕೊಳ್ಳುವುದಿಲ್ಲ, ಅಳೆದೇ ಹಿಡಿಯುತ್ತೇನೆ ಅಂದೆ. 'ಮೀಟರ್ ಹಿಡಿದು ಕೂತರೆ ಈ ವರ್ಷ ಗಾಡಿ ಹೊರಗೆ ಬರೋದಿಲ್ಲ' ಅಂತ ಕೇಳಿದವರು ನಕ್ಕರು.

ಮೊದಲು ಹಿಡಿದದ್ದು ಅರ್ಥಿಂಗ್. ಓಮ್ ರೇಂಜಿನಲ್ಲಿ ನೋಡಿದರೆ ಎಲ್ಲ ಸರಿ ಇತ್ತು, ಬೀಪ್ ಕೂಡ ಬರುತ್ತಿತ್ತು. ಆ ಬೀಪ್ ನಂಬಬೇಡಿ. ಹತ್ತು ಎಳೆಯಲ್ಲಿ ಒಂಬತ್ತು ತುಂಡಾಗಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ಬ್ಯಾಟರಿಯ ಮೈನಸ್ ಪೋಸ್ಟ್ ಮೇಲೆ ಒಂದು ಮೊನೆ, ಎಂಜಿನ್ ಬ್ಲಾಕ್ ಮೇಲೆ ಇನ್ನೊಂದು ಇಟ್ಟು ಸೆಲ್ಫ್ ಹೊಡೆಸಿದೆ. 0.9 ವೋಲ್ಟ್ ಆಸುಪಾಸು ತೋರಿಸಿತು. 0.2 ದಾಟಿದರೇ ನನಗೆ ಅನುಮಾನ. ಹೊಸ ಮೌಂಟ್ ಬ್ರಾಕೆಟ್‌ಗೆ ಪೌಡರ್ ಕೋಟ್ ಮಾಡಿಸಿದ್ದೆ, ಚೆಂದ ಕಾಣಲಿ ಅಂತ. ಅರ್ಥಿಂಗ್ ಪಟ್ಟಿಯ ಬೋಲ್ಟ್ ಆ ಪೇಂಟ್ ಮೇಲೇ ಕೂತಿತ್ತು. ಕೆರೆದು, ಹೊಳೆಯುವ ಲೋಹದ ಮೇಲೆ ಬಿಗಿ ಮಾಡಿ, ಬ್ಲಾಕ್‌ನಿಂದ ಬಾಡಿಗೆ ಇನ್ನೊಂದು ದಪ್ಪ ಕೇಬಲ್ ಎಳೆದೆ. 0.15ಕ್ಕೆ ಇಳಿಯಿತು. ಐಡಲಿಂಗ್ ಕುಣಿತ ಮುಕ್ಕಾಲು ಪಾಲು ಅಲ್ಲಿಗೇ ನಿಂತಿತು. ಇದೇ ಅಳತೆಯನ್ನು ಎಂಜಿನ್ ಓಡುವಾಗ, ಹೆಡ್‌ಲೈಟ್, ಫ್ಯಾನ್, ಬ್ಲೋವರ್ ಎಲ್ಲ ಹಾಕಿಯೂ ಮಾಡಿ.

ಇಸಿಯುವಿನ ಪವರ್ ಮತ್ತು ಅರ್ಥ್ ವೈರ್‌ಗಳಿಗೆ ನನ್ನ ಅಸ್ತ್ರ 21 ವ್ಯಾಟಿನ ಇಂಡಿಕೇಟರ್ ಬಲ್ಬು. ಇಸಿಯು ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚಿ, ಆ ವೈರ್ ಮೂಲಕ ಬಲ್ಬು ಉರಿಸಿ, ಎರಡು ತುದಿಯ ನಡುವೆ ಎಷ್ಟು ವೋಲ್ಟ್ ಬೀಳುತ್ತದೆ ನೋಡುವುದು. ಸುಮಾರು ಒಂದೂಮುಕ್ಕಾಲು ಆಂಪಿಯರ್ ಹರಿಯುತ್ತದೆ, ಸೋಮಾರಿ ವೈರ್ ತಕ್ಷಣ ಸಿಕ್ಕಿಬೀಳುತ್ತದೆ. ಸೆನ್ಸರ್‌ನ 5 ವೋಲ್ಟ್ ಲೈನಿಗೆ ಮಾತ್ರ ಬಲ್ಬು ತಾಗಿಸಬೇಡಿ, ಚೆನ್ನಾಗಿದ್ದ ಇಸಿಯು ನಿಜವಾಗಿಯೂ ಹೋದೀತು.

ಆಮೇಲೆ 3000ದ ಮಿಸ್. ಕ್ರ್ಯಾಂಕ್ ಸೆನ್ಸರ್ ಎರಡು ವೈರಿನದು, ಒಳಗೆ ಬರೀ ಕಾಯಿಲ್. ಹಳೆಯದು, ಹೊಸದು ಎರಡೂ 900 ಓಮ್ ಹತ್ತಿರ. ಸೆಲ್ಫ್ ಹೊಡೆದಾಗ ಅದು ಹುಟ್ಟಿಸುವ ಆಲ್ಟರ್ನೇಟಿಂಗ್ ವೋಲ್ಟ್ ಕೂಡ ಚೆನ್ನಾಗಿಯೇ ಬರುತ್ತಿತ್ತು. ಮೀಟರ್ ಇಲ್ಲಿ ಕುರುಡು, ವೋಲ್ಟಿನ ಅಲೆಯನ್ನು ಪರದೆ ಮೇಲೆ ತೋರಿಸುವ ಸ್ಕೋಪ್ ಬೇಕೇ ಬೇಕು. ಎರಡು ಚಾನೆಲ್‌ನ ಅಗ್ಗದ ಸ್ಕೋಪ್ ಸಾಕು, ಆ ಗ್ಯಾರೇಜಿನಲ್ಲಿ ಹಾಕಿದ ಒಂದು ಸೆನ್ಸರ್‌ಗಿಂತ ಕಡಿಮೆಗೆ ಸಿಕ್ಕಿತು. ಈ ಸೆನ್ಸರ್ ಓದುವುದು 60ರಲ್ಲಿ 2 ಹಲ್ಲು ಇಲ್ಲದ ಚಕ್ರವನ್ನು. ಆ ಖಾಲಿ ಜಾಗದಲ್ಲಿ ಅಲೆ ತಲೆಕೆಳಗಾಗಿತ್ತು. ಅಂದರೆ ಪ್ಲಸ್ ಮೈನಸ್ ಅದಲು ಬದಲು. ಎಂಜಿನ್ ಬಿಚ್ಚಿ ಮಾರಿದವರು ಒಡೆದ ಕಪ್ಲರ್ ಬದಲಿಗೆ ಬೇರೊಂದನ್ನು ಜೋಡಿಸಿದ್ದರು, ಎರಡೂ ವೈರಿಗೆ ಒಂದೇ ಬಣ್ಣ. ಹೀಗಿದ್ದರೂ ಎಂಜಿನ್ ಸ್ಟಾರ್ಟ್ ಆಗುತ್ತದೆ, ಅದೇ ಮೋಸ. ಸ್ಪೀಡ್ ಏರಿದಾಗ ಲೆಕ್ಕ ತಪ್ಪುತ್ತದೆ. ಎರಡು ಪಿನ್ ತೆಗೆದು ಅತ್ತಿತ್ತ ಹಾಕಿದೆ. ಅಷ್ಟೇ. 6000ದವರೆಗೆ ನೆಟ್ಟಗೆ ಏರಿತು.

ಸ್ಕೋಪ್ ಕೈಯಲ್ಲಿದ್ದಾಗ ಸುಮ್ನೆ ಇರಲಾಗಲಿಲ್ಲ. ಕ್ರ್ಯಾಂಕ್ ಸೆನ್ಸರ್ ವೈರಿನ ಶೀಲ್ಡನ್ನು (ಸುತ್ತಲಿನ ಲೋಹದ ಹೊದಿಕೆ) ಎರಡೂ ತುದಿಯಲ್ಲಿ ಅರ್ಥ್ ಮಾಡಿ ನೋಡಿದೆ. ಅಲೆಯ ಮೇಲೆ ಆಲ್ಟರ್ನೇಟರ್‌ನ ಗಲೀಜು ಜಾಸ್ತಿಯಾಯಿತು. ಇಸಿಯು ಕಡೆ ಮಾತ್ರ ಕೊಟ್ಟಾಗ ಮಾಯ. ಕೂಲೆಂಟ್ ಸೆನ್ಸರನ್ನು ಬಿಸಿನೀರಿನಲ್ಲಿ ಮುಳುಗಿಸಿಯೂ ನೋಡಿದೆ. 20 ಡಿಗ್ರಿಯಲ್ಲಿ ಎರಡೂವರೆ ಕಿಲೋ ಓಮ್, 80ರಲ್ಲಿ 300 ಓಮ್ ಸುಮಾರು. ಸರಿಯಾಗಿಯೇ ಇತ್ತು. ಸ್ಕ್ಯಾನರ್‌ನಲ್ಲಿ ಮೈನಸ್ 40 ಡಿಗ್ರಿ ಕಂಡರೆ ಸೆನ್ಸರ್ ತರಲು ಓಡಬೇಡಿ, ಸರ್ಕ್ಯೂಟ್ ಎಲ್ಲೋ ಕಟ್ ಆಗಿದೆ ಅಂತ ಅರ್ಥ, ಮೊದಲು ವೈರ್ ನೋಡಿ.

ರಿವರ್ಸ್‌ನಲ್ಲಿ ನಿಲ್ಲುವುದು ಎಲ್ಲಕ್ಕಿಂತ ಸತಾಯಿಸಿತು. ಪಿ0641 ಅಂದರೆ 5 ವೋಲ್ಟ್ ಸಪ್ಲೈ ಕುಸಿದಿದೆ. ಅದೇ ಲೈನಿನಲ್ಲಿರುವ ಮ್ಯಾಪ್, ಥ್ರಾಟಲ್ ಎರಡೂ ಒಟ್ಟಿಗೆ ಕಂಪ್ಲೇಂಟ್ ಹೇಳುತ್ತಿರುವುದು ಅದಕ್ಕೇ. ಆದರೆ ನಿಂತಲ್ಲಿ ಅಳೆದರೆ 5 ವೋಲ್ಟ್ ಗಟ್ಟಿಯಾಗಿ ನಿಂತಿತ್ತು. ಹಾರ್ನೆಸ್ ಅಲ್ಲಾಡಿಸಿದೆ, ತಿರುಚಿದೆ, ಏನೂ ಇಲ್ಲ. ಎಂಜಿನ್ ಓಡುತ್ತಿರುವಾಗ ಬಾನೆಟ್ ಕೆಳಗೆ ಕೈಹಾಕಿ ಹುಡುಕಿದರೂ ಇಲ್ಲ.

ರಿವರ್ಸ್‌ನಲ್ಲಿ ಮಾತ್ರ ಯಾಕೆ? ಅಡ್ಡ ಕೂತ ಎಂಜಿನ್ ಫಸ್ಟ್ ಗೇರಿನಲ್ಲಿ ಒಂದು ಕಡೆ ವಾಲಿದರೆ ರಿವರ್ಸ್‌ನಲ್ಲಿ ಇನ್ನೊಂದು ಕಡೆ ವಾಲುತ್ತದೆ. ಸ್ಕೋಪ್‌ನ ವೈರ್ ಉದ್ದ ಮಾಡಿ ಸೀಟಿನವರೆಗೆ ತಂದೆ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿ, ರಿವರ್ಸ್ ಹಾಕಿ ಕ್ಲಚ್ ಅರ್ಧ ಬಿಟ್ಟೆ. ಎಂಜಿನ್ ವಾಲಿತು, 5 ವೋಲ್ಟ್ ಗೆರೆ ನೆಲ ಕಚ್ಚಿತು. ಒಂದೊಂದೇ ಸೆನ್ಸರ್ ಕಪ್ಲರ್ ಬಿಚ್ಚುತ್ತಾ ಮತ್ತೆ ಮತ್ತೆ ಮಾಡಿದೆ. ಮ್ಯಾಪ್ ಬಿಚ್ಚಿದೆ, ಬೀಳುತ್ತದೆ. ಥ್ರಾಟಲ್ ಬಿಚ್ಚಿದೆ, ಬೀಳುತ್ತದೆ.

ಆಗ ಪಿ0532 ನೆನಪಾಯಿತು. ಏರ್ ಕಂಡಿಷನರ್‌ನ ಪ್ರೆಷರ್ ಸೆನ್ಸರ್‌ನ ಕೋಡ್ ಅದು. ಗ್ಯಾಸ್ ಇನ್ನೂ ತುಂಬಿಸಿಲ್ಲ, ಬರುವುದೇ ಸಹಜ ಅಂತ ಯಾರೂ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಆ ಸೆನ್ಸರ್ ತಿನ್ನುವುದೂ ಅದೇ 5 ವೋಲ್ಟನ್ನೇ. ಅದರ ಕಪ್ಲರ್ ಬಿಚ್ಚಿದರೂ ಗೆರೆ ಬಿತ್ತು. ಬಾಡಿ ಹಾರ್ನೆಸ್ ಸೇರುವ ದೊಡ್ಡ ಕಪ್ಲರ್‌ನಿಂದ ಆ ಒಂದು ಪಿನ್ ಹೊರಗೆಳೆದೆ. ಗೆರೆ ಬೀಳುವುದು ನಿಂತಿತು! ಅಂದರೆ ಸೆನ್ಸರ್ ಅಲ್ಲ, ಅಲ್ಲಿಂದ ಮುಂದೆ ಹೋಗುವ ವೈರ್. ಟೇಪ್ ಸುಲಿಯುತ್ತಾ ಹೋದೆ. ಹೊಸ ಕಂಪ್ರೆಸರ್ ಬ್ರಾಕೆಟ್‌ನ ಚೂಪು ಅಂಚಿನ ಎದುರಿಗೆ ಇನ್ಸುಲೇಷನ್ ಸವೆದು, ಸಾಸಿವೆ ಕಾಳಿನಷ್ಟು ತಾಮ್ರ ಮಿನುಗುತ್ತಿತ್ತು. ಎಂಜಿನ್ ಹಿಂದೆ ವಾಲಿದಾಗ ಮಾತ್ರ ಬ್ರಾಕೆಟ್ ಅದಕ್ಕೆ ತಾಗುತ್ತಿತ್ತು.

ರಿಪೇರಿಗೆ ಖರ್ಚಾದದ್ದು ಒಂದು ಕ್ರಿಂಪ್, ಗೇಣುದ್ದ ಹೀಟ್ ಶ್ರಿಂಕ್, ಎರಡು ಕ್ಲಿಪ್. ಬೆಸುಗೆ ಹಾಕಲಿಲ್ಲ. ಅದುರುವ ಜಾಗದಲ್ಲಿ ಬೆಸುಗೆಯ ಪಕ್ಕದಲ್ಲೇ ವೈರ್ ಮುರಿಯುತ್ತದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ, ಒಪ್ಪದವರು ಒಪ್ಪಬೇಡಿ. ಬ್ರಾಕೆಟ್ ಅಂಚನ್ನು ಅರದಿಂದ ಉಜ್ಜಿ, ಹಾರ್ನೆಸನ್ನು ಎರಡು ಬೆರಳು ದೂರ ಸರಿಸಿದೆ.

ಗ್ಯಾರೇಜಿನವರು ಬಿಚ್ಚಿ ಕೊಟ್ಟಿದ್ದ ಹಳೆಯ ಮೂರು ಸೆನ್ಸರ್‌ಗಳನ್ನೇ ವಾಪಸ್ ಹಾಕಿ ಓಡಿಸುತ್ತಿದ್ದೇನೆ. ಒಂದು ಕೋಡೂ ಇಲ್ಲ. ಹೊಸ ಮೂರು ಡಬ್ಬಿಯಲ್ಲಿವೆ, ಬೇಕಾದವರು ಅರ್ಧ ಬೆಲೆಗೆ ಒಯ್ಯಬಹುದು. ಉಳಿದಿರುವುದು ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು. ಅದು ಹೊಸ ಎಂಜಿನ್ನಿನ ಸೆಂಡರ್ (ಮುಳ್ಳಿಗೆ ಬಿಸಿ ತಿಳಿಸುವ ಸೆನ್ಸರ್) ಜೊತೆ ಇನ್ನೂ ರಾಜಿಯಾಗಿಲ್ಲ, ಇಸಿಯು 90 ಡಿಗ್ರಿ ಅಂದರೆ ಮುಳ್ಳು ಕಾಲು ಭಾಗಕ್ಕೇ ನಿಲ್ಲುತ್ತದೆ. ಸೆಂಡರ್‌ಗೆ ಪ್ಯಾರಲಲ್ ಆಗಿ ಬೇರೆ ಬೇರೆ ರೆಸಿಸ್ಟರ್ ಹಾಕಿ ನೋಡುತ್ತಿದ್ದೇನೆ. ಅರ್ಧಕ್ಕೆ ತಂದಿದ್ದೇನೆ, ಆದರೆ ತಣ್ಣಗಿದ್ದಾಗಲೂ ಮುಳ್ಳು ಸ್ವಲ್ಪ ಮೇಲೇ ಕೂರುತ್ತದೆ.